ಕಾರಿನ ಒಳಗಾಜಿನ ಗೆರೆ ಹೋಗಲು ಆರು ಭಾನುವಾರ ಹಿಡಿದವು

ಜನವರಿ 11, ಶನಿವಾರ ರಾತ್ರಿ

ಬಾಗಲಕೋಟೆಯ ಅಕ್ಕನ ಮನೆಯಿಂದ ಅವ್ವನನ್ನು ಕರೆದುಕೊಂಡು ವಿಜಯಪುರಕ್ಕೆ ಬರುತ್ತಿದ್ದೆ. ಎಂಟೂವರೆ ಆಗಿತ್ತು. ಕಬ್ಬಿನ ಸೀಸನ್. ಕೊರ್ತಿ-ಕೊಲ್ಹಾರ ಸೇತುವೆ ದಾಟಿ ಸ್ವಲ್ಪ ಮುಂದೆ ಎದುರಿಗೆ ಒಂದು ಲಾರಿ ಬಂತು. ಅದರ ಬೆಳಕು ಬಿದ್ದದ್ದೇ ತಡ, ನಮ್ಮ ಮುಂದಿನ ಗಾಜು ಪೂರ್ತಿ ಬೆಳ್ಳಗಾಯಿತು. ಹಾಲು ಸವರಿದ ಹಾಗೆ. ಎರಡು-ಮೂರು ಸೆಕೆಂಡು ರಸ್ತೆಯೇ ಕಾಣಲಿಲ್ಲ. ಲಾರಿ ದಾಟಿದ ಮೇಲೆ ನೋಡಿದರೆ ಎದುರಿಗೇ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ಒಂದಕ್ಕೂ ಕೆಂಪು ದೀಪವಿಲ್ಲ. ಬ್ರೇಕ್ ಒತ್ತಿ ನಿಲ್ಲಿಸಿದಾಗ ಹತ್ತು-ಹನ್ನೆರಡು ಅಡಿ ಉಳಿದಿತ್ತು.

"ತಮ್ಮಾ, ಸಾವಕಾಶ ಹೊಡಿ," ಎಂದಳು ಅವ್ವ. ಅಷ್ಟೇ ಹೇಳಿದ್ದು. ಮನೆ ಮುಟ್ಟುವವರೆಗೆ ನನ್ನ ಕೈ ನಡುಗುತ್ತಿತ್ತು.

ಗಾಡಿ ಒಂಬತ್ತು ವರ್ಷ ಹಳೆಯ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹೊರಗಿನ ಗಾಜನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ. ಒಳಗಿನದನ್ನು ಮಾತ್ರ ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿ ಬಿಡುತ್ತಿದ್ದೆ. ಎಲ್ಲವೂ ಶುರುವಾದದ್ದು ಅಲ್ಲಿಂದಲೇ.

1. ಜನವರಿ 12: ಬೋರಿನ ನೀರು, ಹಳೇ ಬನಿಯನ್

ಮೊದಲು ಮಬ್ಬು ಯಾವ ಕಡೆ ಇದೆ ಅಂತ ನೋಡಿದೆ. ಹೊರಗೆ ನೀರು ಹಾಕಿ ವೈಪರ್ ಆಡಿಸಿದೆ, ಏನೂ ಬದಲಾಗಲಿಲ್ಲ. ಒಳಗೆ ಬೆರಳಿನಿಂದ ಗೀಚಿದರೆ ಸ್ಪಷ್ಟವಾಗಿ ಗೆರೆ ಮೂಡಿತು. ಬಿಳಿ ಟಿಶ್ಯೂ ತಿಕ್ಕಿದೆ, ಹಳದಿ-ಬೂದಿ ಬಣ್ಣದ ಜಿಡ್ಡು ಬಂತು. ಧೂಳಾದರೆ ಒಣಗಿ ಉದುರುತ್ತದೆ. ಇದು ಅಂಟಿಕೊಂಡಿತ್ತು.

ಬಕೆಟ್ಟಿನಲ್ಲಿ ಬೋರಿನ ನೀರು, ಒಂದು ಶಾಂಪೂ ಪ್ಯಾಕೆಟ್, ಹಳೇ ಹತ್ತಿಯ ಬನಿಯನ್. ಚೆನ್ನಾಗಿ ತಿಕ್ಕಿದೆ. ಒದ್ದೆ ಇರುವಾಗ ಗಾಜು ಫಳಫಳ ಅನ್ನುತ್ತಿತ್ತು. ಒಣಗಿದ ಮೇಲೆ ಮೂಲೆ ಮೂಲೆಗೂ ಬಿಳಿ ಚುಕ್ಕೆ, ನಡುವೆ ಬನಿಯನ್ ಹೋದ ದಾರಿಯೆಲ್ಲ ಕಮಾನಿನಂಥ ಗೆರೆ.

ಪಕ್ಕದ ಮನೆಯ ಕಾಕಾ ಕಂಪೌಂಡಿನ ಆಚೆಯಿಂದ ನೋಡುತ್ತಿದ್ದರು. "ಅಲ್ರೀ ಸರ್, ಬೋರಿನ ನೀರ್ಲೆ ಒರಸಿದ್ರ ಗಾಜು ಹ್ಯಾಂಗ ಸ್ವಚ್ಛ ಆಗತೈತ್ರೀ? ನಮ್ಮ ಗೀಸರ್ ಕಾಯಿಲ್ ನೋಡ್ರಿ, ಸುಣ್ಣ ಕಟ್ಟೇತಿ," ಎಂದರು. ಅವರ ಮನೆಯಲ್ಲಿ ಆರ್‌ಒ ಹಾಕಿಸಿದಾಗ ಕೊಂಡ ಟಿಡಿಎಸ್ ಮೀಟರ್ ಇತ್ತು, ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು-ಸುಣ್ಣ ಕರಗಿದೆ ಅಂತ ತೋರಿಸುವಂಥದ್ದು. ತಂದು ಅಳೆದೆವು. ನಮ್ಮ ಬೋರಿನ ನೀರು 1,180. ಕೊಲ್ಹಾರದಿಂದ ಬರುವ ನಳದ ನೀರು 310. ಕಾಕಾ ಅವರ ಆರ್‌ಒ ನೀರು 45. ಕುಡಿಯುವ ನೀರಿಗೇ 500ರ ಒಳಗಿರಲಿ ಅನ್ನುತ್ತಾರೆ. ನಾನು 1,180ರ ನೀರನ್ನು ಗಾಜಿನ ಮೇಲೆ ಒಣಗಲು ಬಿಟ್ಟಿದ್ದೆ. ನೀರು ಆರಿ ಹೋದ ಮೇಲೆ ಅದರಲ್ಲಿದ್ದ ಉಪ್ಪು-ಸುಣ್ಣ ಎಲ್ಲಿ ಹೋಗಬೇಕು? ಗಾಜಿನ ಮೇಲೇ ಕೂರುತ್ತದೆ.

ಆ ವಾರ ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ. ಮತ್ತೆ ಕೈ ಹಾಕಲು ಆಗಲಿಲ್ಲ.

2. ಜನವರಿ 19: ಪೇಪರ್ ಮತ್ತು ನೀಲಿ ಕ್ಲೀನರ್

ಅಂಗಡಿಯಿಂದ 110 ರೂಪಾಯಿಯ ನೀಲಿ ಗ್ಲಾಸ್ ಕ್ಲೀನರ್ ತಂದೆ. ಒರೆಸಲು ಹಳೇ ದಿನಪತ್ರಿಕೆ. ಮನೆಯ ಕನ್ನಡಿಗೆ ಚಿಕ್ಕಂದಿನಿಂದ ಅದನ್ನೇ ಬಳಸಿದ್ದು, ನಂಬಿಕೆ ಇತ್ತು.

ತಪ್ಪು ಆದದ್ದು ಸಮಯದಲ್ಲಿ. ಮಧ್ಯಾಹ್ನ ಹನ್ನೆರಡಕ್ಕೆ, ಅಂಗಳದ ಬಿಸಿಲಿನಲ್ಲಿ ಕೂತೆ. ಜನವರಿ ಆದರೂ ಗಾಜು ಮುಟ್ಟಿದರೆ ಬಿಸಿ. ಸ್ಪ್ರೇ ಹೊಡೆದು ಪೇಪರ್ ಮಡಚುವಷ್ಟರಲ್ಲಿ ಅರ್ಧ ಒಣಗಿರುತ್ತಿತ್ತು. ಒಣಗಿದ್ದನ್ನು ತಿಕ್ಕಿದರೆ ಅದು ಹೋಗುವುದಿಲ್ಲ, ಹರಡುತ್ತದೆ. ಗಾಜಿಗೇ ನೇರವಾಗಿ ಸ್ಪ್ರೇ ಮಾಡಿದ್ದರಿಂದ ನೀರು ಇಳಿದು ಡ್ಯಾಶ್‌ಬೋರ್ಡ್ ಸಂದಿಗೂ ಹೋಯಿತು. ಪೇಪರಿನ ಮಸಿ ಗಾಜಿನ ಪಕ್ಕದ ತಿಳಿ ಬಣ್ಣದ ಪ್ಲಾಸ್ಟಿಕ್ಕಿಗೆ ಹತ್ತಿತು. ಆ ಕಲೆ ತೆಗೆಯಲು ಇನ್ನೂ ಅರ್ಧ ಗಂಟೆ ಬೇಕಾಯಿತು. ಬಲಗಡೆ ಕಂಬದ ಮೇಲೆ ಸ್ವಲ್ಪ ಈಗಲೂ ಉಳಿದಿದೆ.

ಕ್ಲೀನರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಿಸಿ ಗಾಜಿಗೆ ಯಾವುದನ್ನು ಹಾಕಿದರೂ ಇದೇ ಆಗುತ್ತಿತ್ತು. ಕಾರಿನ ಗಾಜಿಗೆ ಫಿಲ್ಮ್ ಹಾಕಿಸಿದವರು ಮಾತ್ರ ಅಮೋನಿಯಾ ಇರುವ ಕ್ಲೀನರ್ ಮುಟ್ಟಬೇಡಿ, ಫಿಲ್ಮ್ ಹಾಳಾಗುತ್ತದೆ. ನನ್ನ ಗಾಡಿಗೆ ಫಿಲ್ಮ್ ಇಲ್ಲ.

3. ಜನವರಿ 26: ಮೊದಲ ಸಲ ಸರಿಯಾಯಿತು, ವಾರದಲ್ಲೇ ಕೆಟ್ಟಿತು

ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ ಬರುವಾಗ ಬ್ಯಾಟರಿ ಅಂಗಡಿಗೆ ಹೋಗಿ 5 ಲೀಟರ್ ಡಿಸ್ಟಿಲ್ಡ್ ವಾಟರ್ ತಂದೆ, 120 ರೂಪಾಯಿ. ಮೀಟರ್ ಅದ್ದಿದರೆ 3 ತೋರಿಸಿತು. ಮೆಡಿಕಲ್ ಶಾಪಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್, 230. ಮೂರು ಮೈಕ್ರೋಫೈಬರ್ ಬಟ್ಟೆಯ ಪ್ಯಾಕ್ 270. ಸ್ಪ್ರೇ ಬಾಟಲಿ ಎರಡು, 70.

ಒಂದು ಬಾಟಲಿಗೆ 200 ಎಂಎಲ್ ಆಲ್ಕೋಹಾಲ್, 300 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿದೆ. ಸಂಜೆ ಐದೂವರೆಗೆ, ಬಿಸಿಲು ಇಳಿದು ಗಾಜು ತಣ್ಣಗಾದ ಮೇಲೆ ಶುರು ಮಾಡಿದೆ. ನಾಲ್ಕೂ ಬಾಗಿಲು ತೆರೆದಿಟ್ಟೆ. ಈ ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುತ್ತದೆ, ವಾಸನೆಗೆ ತಲೆಯೂ ತಿರುಗುತ್ತದೆ. ಹತ್ತಿರ ಬೀಡಿ, ಊದುಬತ್ತಿ, ಏನೂ ಬೇಡ. ಗಾಡಿಯ ಸ್ಪೀಡ್ ಮೀಟರ್ ಮೇಲಿನ ಪ್ಲಾಸ್ಟಿಕ್ಕಿಗೆ, ಸ್ಟೀರಿಯೋ ಪರದೆಗೆ ತಾಗದಂತೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಟವೆಲ್ ಹಾಸಿದೆ. ಸ್ಪ್ರೇಯನ್ನು ಗಾಜಿಗಲ್ಲ, ಬಟ್ಟೆಗೆ ಹೊಡೆದೆ. ಒಂದು ಬಟ್ಟೆಯಿಂದ ಒರೆಸಿ, ಇನ್ನೊಂದು ಒಣ ಬಟ್ಟೆಯಿಂದ ತಕ್ಷಣ ಉಜ್ಜಿದೆ.

ರಾತ್ರಿ ಸ್ಟೇಷನ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಎದುರಿನ ದೀಪಗಳು ದೀಪಗಳ ಹಾಗೆಯೇ ಕಂಡವು. ಸುತ್ತ ಹೊಗೆಯ ಉಂಗುರ ಇಲ್ಲ. ತುಂಬಾ ಸಂತೋಷವಾಯಿತು.

ಆ ಖುಷಿಯಲ್ಲೇ ಎರಡು ತಪ್ಪು ಮಾಡಿದೆ. ಗಾಜು ಇಷ್ಟು ಚೆಂದ ಆಗಿದೆ, ಡ್ಯಾಶ್‌ಬೋರ್ಡೂ ಹೊಳೆಯಲಿ ಅಂತ ಮರುದಿನ ಪಾಲಿಶ್ ಹಚ್ಚಿದೆ. ಹೊಲಸಾದ ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಮಷೀನಿಗೆ ಹಾಕಿದೆ. ನಮ್ಮ ಮನೆಯಲ್ಲಿ ಕೊನೆಯ ಸುತ್ತಿಗೆ ಬಟ್ಟೆ ಮೆತ್ತಗಾಗುವ ಸುವಾಸನೆಯ ದ್ರಾವಣ ಹಾಕುವ ರೂಢಿ. ಅದೂ ಬಿತ್ತು.

ಐದು ದಿನ ಗಾಡಿ ಶಾಲೆಯ ಬಯಲಿನಲ್ಲಿ, ಪೂರ್ತಿ ಬಿಸಿಲಿನಲ್ಲಿ ನಿಂತಿತು. ಶುಕ್ರವಾರ ರಾತ್ರಿ ನೋಡಿದರೆ ಮಬ್ಬು ವಾಪಸ್ಸು ಬಂದಿತ್ತು.

4. ಫೆಬ್ರವರಿ 2: ಯಾವುದು ಕಾರಣ?

ಎರಡು ತಪ್ಪನ್ನು ಒಟ್ಟಿಗೆ ಮಾಡಿದ್ದರಿಂದ ಯಾವುದು ಕಾರಣ ಅಂತ ತಿಳಿಯಲಿಲ್ಲ. ಬೇರೆ ಬೇರೆ ಮಾಡಿ ನೋಡಲೇಬೇಕಿತ್ತು.

ಹೊಸ ಬಟ್ಟೆ ಎರಡು ತಂದೆ, 190 ರೂಪಾಯಿ. ಈ ಸಲ ಉದ್ದ ನೂಲಿನ ಮೆತ್ತನೆಯದಲ್ಲ, ಗಾಜಿಗೆ ಅಂತಲೇ ಬರುವ ಸಣ್ಣ ಚೌಕಳಿ ನೇಯ್ಗೆಯದು. ಹೊಸದನ್ನೂ ಒಮ್ಮೆ ನೀರಲ್ಲಿ ಜಾಲಿಸಿ ಒಣಗಿಸಿದೆ, ಮೊದಲ ಸಲ ಎಳೆ ಉದುರುತ್ತವೆ. ಆಮೇಲೆ ಮುಂದಿನ ಗಾಜಿನ ನಡುವೆ ಮೇಲಿನಿಂದ ಕೆಳಗೆ ಒಂದು ಪೇಪರ್ ಟೇಪ್ ಅಂಟಿಸಿದೆ. ಎಡಭಾಗಕ್ಕೆ ಹೊಸ ಬಟ್ಟೆ. ಬಲಭಾಗಕ್ಕೆ ಮಷೀನಿನಲ್ಲಿ ತೊಳೆದ ಬಟ್ಟೆ. ದ್ರಾವಣ ಒಂದೇ, ಹೊತ್ತು ಒಂದೇ, ಕೈ ಒಂದೇ.

ಎಡಭಾಗ ಸ್ವಚ್ಛ. ಬಲಭಾಗಕ್ಕೆ ಬಾಯಿಂದ ಹಾ ಅಂತ ಉಸಿರು ಬಿಟ್ಟರೆ ಬಟ್ಟೆ ಓಡಾಡಿದ ದಾರಿ ಪೂರ್ತಿ ಕಂಡಿತು. ಎಷ್ಟು ಉಜ್ಜಿದರೂ ಜಾಗ ಬದಲಿಸಿತೇ ಹೊರತು ಹೋಗಲಿಲ್ಲ. ಮೆತ್ತಗೆ ಮಾಡುವ ದ್ರಾವಣ ನೂಲಿನ ಮೇಲೆ ಒಂದು ಜಿಡ್ಡಿನ ಪೊರೆ ಬಿಡುತ್ತದೆ. ಬಟ್ಟೆ ನೀರು ಹೀರುವುದಿಲ್ಲ, ಆ ಪೊರೆಯನ್ನು ಗಾಜಿಗೆ ಕೊಡುತ್ತದೆ. ಆ ಮೂರೂ ಬಟ್ಟೆಗಳನ್ನು ಈಗ ಬಾಗಿಲಿನ ಸಂದಿ, ಚಕ್ರದ ರಿಮ್ ಒರೆಸಲು ಇಟ್ಟಿದ್ದೇನೆ.

ಈ ಉಸಿರಿನ ಪರೀಕ್ಷೆ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಹಗಲಲ್ಲಿ ಕಣ್ಣಿಗೆ ಕಾಣದ ಗೆರೆಯೂ ಉಸಿರಿಗೆ ಕಾಣುತ್ತದೆ. ರಾತ್ರಿಯವರೆಗೆ ಕಾಯಬೇಕಿಲ್ಲ.

ಆಮೇಲೆ ಡ್ಯಾಶ್‌ಬೋರ್ಡ್. ಒಂದು ಮಗ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಹಿಂಡಿದ ಬಟ್ಟೆಯಿಂದ ಪಾಲಿಶ್ ಪೂರ್ತಿ ತೆಗೆದೆ. ಮೂರು ಸಲ ಒರೆಸಬೇಕಾಯಿತು, ಅಷ್ಟು ಎಣ್ಣೆ ಇತ್ತು. ಮತ್ತೆ ಹಚ್ಚಲಿಲ್ಲ. ಮುಂದಿನ ಭಾನುವಾರದವರೆಗೆ ಗಾಡಿಯನ್ನು ಅದೇ ಬಯಲಿನಲ್ಲಿ, ಅದೇ ಬಿಸಿಲಿನಲ್ಲಿ ನಿಲ್ಲಿಸಿದೆ. ಫೆಬ್ರವರಿ 9ಕ್ಕೆ ಉಸಿರು ಬಿಟ್ಟು ನೋಡಿದೆ. ತೆಳುವಾದ ಮಬ್ಬು ಇತ್ತು, ಆದರೆ ಹಿಂದಿನ ವಾರದ ಕಾಲು ಭಾಗವೂ ಇರಲಿಲ್ಲ. ಪ್ಲಾಸ್ಟಿಕ್ ಕಾದಾಗ ತಾನೂ ಸ್ವಲ್ಪ ಆವಿ ಬಿಡುತ್ತದೆ, ಅದು ತಣ್ಣನೆಯ ಗಾಜಿಗೆ ಕೂರುತ್ತದೆ. ಅದನ್ನು ನಿಲ್ಲಿಸಲು ಆಗುವುದಿಲ್ಲ. ಪಾಲಿಶ್ ಎಣ್ಣೆ ನಾವಾಗಿಯೇ ತಂದು ಸುರಿದದ್ದು, ಅದನ್ನು ನಿಲ್ಲಿಸಬಹುದು.

ಇನ್ನೊಂದು ಕಾರಣ ನೆನಪಾಗಿ ಮನಸ್ಸಿಗೆ ಕಷ್ಟವಾಯಿತು. ಪ್ರತಿ ಶುಕ್ರವಾರ ಗಾಡಿಯೊಳಗೆ ದೇವರ ಮೂರ್ತಿಗೆ ಊದುಬತ್ತಿ ಹಚ್ಚಿ ಗಾಜು ಏರಿಸಿ ಬಿಡುತ್ತಿದ್ದೆ. ಸುವಾಸನೆ ಒಳಗೇ ಇರಲಿ ಅಂತ. ಆ ಹೊಗೆಯೆಲ್ಲ ಎಲ್ಲಿ ಹೋಗುತ್ತದೆ? ಈಗ ಬಾನೆಟ್ ಮುಂದೆ ನಿಂತು ಬೆಳಗುತ್ತೇನೆ. ದೇವರಿಗೆ ಹೂವು ಮಾತ್ರ ಒಳಗೆ.

5. ಫೆಬ್ರವರಿ 9: ಕೈ ಹೋಗದ ಮೂಲೆಗೆ ಒಂದು ಹಲಗೆ

ಮುಂದಿನ ಗಾಜಿನ ಕೆಳಗಿನ ನಾಲ್ಕು ಇಂಚು, ಡ್ಯಾಶ್‌ಬೋರ್ಡ್ ಕೂಡುವ ಜಾಗ. ಅಲ್ಲಿ ಗಾಜು ಮಲಗಿದೆ, ಅಂಗೈ ಹೋಗುವುದಿಲ್ಲ. ಬೆರಳ ತುದಿಯಿಂದ ಒರೆಸಿದರೆ ಬೆರಳಿನ ಅಗಲದ ಐದು ಗೆರೆ ಉಳಿಯುತ್ತವೆ. ರಾತ್ರಿ ರಸ್ತೆಯ ಹತ್ತಿರದ ಭಾಗ ಕಾಣುವುದು ಅಲ್ಲಿಂದಲೇ.

ಮೊದಲು ಒಂದು ಅಡಿಯ ಸ್ಕೇಲಿಗೆ ಬಟ್ಟೆ ಸುತ್ತಿದೆ. ಬಾಗಿತು, ಒತ್ತಡ ಬೀಳಲಿಲ್ಲ. ಆಮೇಲೆ ಶಾಲೆಯ ಕರಿಹಲಗೆ ಒರೆಸುವ ಡಸ್ಟರ್. ಅಡಿಭಾಗ ಚಪ್ಪಟೆ, ಒಳ್ಳೆಯದೇ, ಆದರೆ ದಪ್ಪ ಜಾಸ್ತಿ. ಸಂದಿಗೆ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತು.

ನಮ್ಮ ಓಣಿಯ ಬಡಿಗೇರರ ಹತ್ತಿರ ಹೋದೆ. "ಏನ್ ಮಾಡೂದೈತ್ರಿ ಸರ್?" ಎಂದರು. ಗಾಡಿಯನ್ನೇ ತೋರಿಸಿದೆ. ಅವರು ಮೂಲೆಗೆ ಒಂದು ರಟ್ಟು ಇಟ್ಟು, ಪೆನ್ಸಿಲಿನಿಂದ ಕೋನ ಗುರುತಿಸಿಕೊಂಡು, ಉಳಿದ 6 ಎಂಎಂ ಪ್ಲೈವುಡ್ ತುಂಡಿನಲ್ಲಿ ಒಂದು ಆಕಾರ ಕೊಯ್ದು ಕೊಟ್ಟರು. ತಲೆ ತ್ರಿಕೋನ, ಉದ್ದ 14 ಸೆಂ.ಮೀ., ಬುಡದಲ್ಲಿ ಅಗಲ 11. ಅದಕ್ಕೆ ಸೇರಿದಂತೆಯೇ 30 ಸೆಂ.ಮೀ. ಉದ್ದದ ಹಿಡಿಕೆ, 4 ಸೆಂ.ಮೀ. ಅಗಲ. ರೊಟ್ಟಿ ತಿರುವುವ ಹುಟ್ಟಿನ ಹಾಗೆ ಕಾಣುತ್ತದೆ. ದುಡ್ಡು ತಗೊಳ್ಳಲಿಲ್ಲ. ಅಂಚುಗಳನ್ನು 120 ನಂಬರ್ ಪಾಲಿಶ್ ಪೇಪರಿನಿಂದ ನಾನೇ ನಯ ಮಾಡಿದೆ. ಚೂಪು ಉಳಿದರೆ ಡ್ಯಾಶ್‌ಬೋರ್ಡ್ ಗೀರುತ್ತದೆ.

ತಲೆಯ ಅಡಿಗೆ ಹಳೇ ಪ್ಯಾಕಿಂಗಿನ 5 ಎಂಎಂ ಫೋಮ್ ಅಂಟಿಸಿದೆ. ಮೊದಲು ಮನೆಯಲ್ಲಿದ್ದ ಬಿಳಿ ಅಂಟು ಹಾಕಿದ್ದೆ. ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಳಸುವಷ್ಟರಲ್ಲಿ ಫೋಮ್ ಜಾರಿತು. ಬಿಳಿ ಅಂಟಿಗೆ ನೀರು ಆಗುವುದಿಲ್ಲ, ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಕೆರೆದು ತೆಗೆದು ಚಪ್ಪಲಿಗೆ ಹಾಕುವ ಹಳದಿ ಅಂಟು ತಂದೆ, 20 ರೂಪಾಯಿ. ಎರಡೂ ಕಡೆ ಹಚ್ಚಿ ಹತ್ತು ನಿಮಿಷ ಆರಲು ಬಿಟ್ಟು ಒತ್ತಿದೆ. ಗಟ್ಟಿಯಾಗಿ ಕೂತಿದೆ.

ಬಟ್ಟೆ ಹಿಡಿಯಲು ಮೊದಲು ರಬ್ಬರ್ ಬ್ಯಾಂಡ್ ಹಾಕಿದೆ. ಬೆನ್ನ ಮೇಲೆ ಬಟ್ಟೆ ಗಂಟಾಗಿ ಮತ್ತೆ ದಪ್ಪವಾಯಿತು. ಕೊನೆಗೆ 30 ರೂಪಾಯಿಯ ವೆಲ್ಕ್ರೋ ಪಟ್ಟಿ ತಂದು, ಅದರ ಒರಟು ಭಾಗವನ್ನು ಮಾತ್ರ ಬೆನ್ನಿಗೆ ಅಂಟಿಸಿದೆ. ಮೈಕ್ರೋಫೈಬರ್ ತಾನಾಗಿಯೇ ಅದಕ್ಕೆ ಹಿಡಿದುಕೊಳ್ಳುತ್ತದೆ.

6. ಫೆಬ್ರವರಿ 16: ಪೂರ್ತಿ ಕೆಲಸ, ಮೊದಲಿನಿಂದ

ಬೆಳಿಗ್ಗೆ ಆರೂಮುಕ್ಕಾಲಿಗೆ ಶುರು. ಬಿಸಿಲು ಅಂಗಳಕ್ಕೆ ಬರುವ ಮುಂಚೆ ಮುಗಿಯಬೇಕು.

ಮೊದಲು ಡ್ಯಾಶ್‌ಬೋರ್ಡ್ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದೆ. ಗಾಜು ಆದ ಮೇಲೆ ಧೂಳು ಹೊಡೆದರೆ ಅದು ಗಾಜಿಗೇ ಬಂದು ಕೂರುತ್ತದೆ. ಈಗ ಬಿಳಿಜೋಳದ ಸುಗ್ಗಿ ಬೇರೆ. ಊರ ಹೊರಗೆ ಹೋಗಿ ಬಂದರೆ ಸಾಕು, ಒಳಗೆಲ್ಲ ಸಣ್ಣ ಹೊಟ್ಟು.

ಮೊದಲ ಕೈ ಜಿಡ್ಡಿಗೆ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ. ಎರಡನೇ ಹನಿ ಬಿದ್ದರೆ ಅದನ್ನು ತೆಗೆಯುವುದೇ ಇನ್ನೊಂದು ಕೆಲಸ. ಎರಡನೇ ಕೈ ಬರೀ ಡಿಸ್ಟಿಲ್ಡ್ ವಾಟರ್, ಸೋಪು ಹೋಗಲು. ಮೂರನೇ ಕೈ ಆಲ್ಕೋಹಾಲ್ ಮಿಶ್ರಣ, ಹಿಂದೆಯೇ ಒಣ ಬಟ್ಟೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಒರೆಸಲು ಎಂಟು ಮುಖ ಸಿಗುತ್ತವೆ. ಒಂದು ಮುಖ ಹೊಲಸಾದರೆ ತಿರುಗಿಸಬೇಕು. ನಾನು ಮೊದಲೆಲ್ಲ ಒಂದೇ ಮುಖದಲ್ಲಿ ಇಡೀ ಗಾಜು ಒರೆಸುತ್ತಿದ್ದೆ. ಆ ಕಡೆಯ ಜಿಡ್ಡನ್ನು ಈ ಕಡೆಗೆ ತಂದು ಹಚ್ಚಿದಂತೆ ಅಲ್ವಾ?

ಒಳಗೆ ಮೇಲಿನಿಂದ ಕೆಳಗೆ ಒರೆಸಿದೆ, ಹೊರಗೆ ಎಡದಿಂದ ಬಲಕ್ಕೆ. ಗೆರೆ ಉಳಿದರೆ ಅದು ನಿಂತಿದೆಯೋ ಮಲಗಿದೆಯೋ ನೋಡಿದರೆ ಸಾಕು, ಯಾವ ಕಡೆಯದು ಅಂತ ತಿಳಿಯುತ್ತದೆ. ಡ್ರೈವರ್ ಕಡೆಯ ಅರ್ಧ ಗಾಜನ್ನು ಪಕ್ಕದ ಸೀಟಿನಲ್ಲಿ ಕೂತು ಒರೆಸಿದೆ. ಡ್ರೈವರ್ ಸೀಟಿನಲ್ಲಿ ಸ್ಟೀರಿಂಗ್ ಅಡ್ಡ ಬರುತ್ತದೆ. ಕೆಳಗಿನ ಮೂಲೆಗಳಿಗೆ ಹಲಗೆ. ತ್ರಿಕೋನದ ತುದಿ ಸಂದಿಯ ಕೊನೆಯವರೆಗೂ ಹೋಯಿತು. ಅಲ್ಲಿಂದ ಬಂದ ಬಟ್ಟೆಯ ಬಣ್ಣ ನೋಡಿದಾಗ, ಒಂಬತ್ತು ವರ್ಷದಲ್ಲಿ ಆ ಮೂಲೆಯನ್ನು ಯಾರೂ ಮುಟ್ಟಿಲ್ಲ ಅನ್ನಿಸಿತು.

ಫಾಸ್ಟ್ಯಾಗ್ ಹತ್ತಿರ ಒಂದು ತಪ್ಪಾಯಿತು. ಅದರ ಅಂಚಿನ ಮೇಲೆ ಆಲ್ಕೋಹಾಲ್ ಬಟ್ಟೆ ಎಳೆದೆ, ಒಂದು ಮೂಲೆ ಎದ್ದಿತು. ಬೆರಳಿನಿಂದ ಒತ್ತಿ ಕೂರಿಸಿದೆ. ಟ್ಯಾಗ್ ಕಿತ್ತರೆ ಮತ್ತೆ ಅಂಟಿಸಿ ಬಳಸುವಂತಿಲ್ಲ, ಆದ್ದರಿಂದ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟೇ ಒರೆಸಿ.

ಪಕ್ಕದ ಗಾಜುಗಳು ಸುಲಭ. ಎರಡು ಇಂಚು ಇಳಿಸಿ ಮೊದಲು ಮೇಲಿನ ಅಂಚು ಒರೆಸಿ, ಆಮೇಲೆ ಪೂರ್ತಿ ಏರಿಸಿ ಉಳಿದದ್ದು. ಅಂಚಿನಲ್ಲಿ ರಬ್ಬರಿನ ಹೊಲಸು ಕಪ್ಪು ಪಟ್ಟೆಯಾಗಿ ಕೂತಿರುತ್ತದೆ.

ಹಿಂದಿನ ಗಾಜಿನ ಮೇಲೆ ಹಳೇ ಮಾಲೀಕರು ಅಂಟಿಸಿದ ಒಂದು ಸ್ಟಿಕರ್ ಇತ್ತು. ಬ್ಲೇಡಿನಿಂದ ಕೆರೆಯಬೇಕು ಅಂತ ಶನಿವಾರವೇ ಬ್ಲೇಡ್ ತಂದಿದ್ದೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ಕೇಳಿ, "ಬ್ಲೇಡ್ ಹಚ್ಚಬ್ಯಾಡ್ರಿ ಸರ್. ಆ ಗೆರಿ ಹರದ್ವಂದ್ರ ಡಿಫಾಗರ್ ಹೋತು," ಎಂದ. ಅವನು ಹೇಳದಿದ್ದರೆ ಖಂಡಿತ ಕೆರೆಯುತ್ತಿದ್ದೆ. ಡಿಫಾಗರ್ ಅಂದರೆ ಗಾಜು ಬಿಸಿ ಮಾಡಿ ಮಂಜು ತೆಗೆಯುವ ವ್ಯವಸ್ಥೆ, ಹಿಂದಿನ ಗಾಜಿನ ಆ ಸಣ್ಣ ಕಂದು ಗೆರೆಗಳು ಅದರವೇ, ಒಳಮೈಯಲ್ಲೇ ಇರುತ್ತವೆ. ಸ್ಟಿಕರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ಉಗುರಿನಿಂದ ಎಬ್ಬಿಸಿದರೆ ಬಂತು. ಎಣ್ಣೆಯನ್ನು ಆಲ್ಕೋಹಾಲಿನಿಂದ ತೆಗೆದೆ. ಅಲ್ಲಿ ಒರೆಸುವುದು ಗೆರೆಗಳ ಉದ್ದಕ್ಕೇ, ಅಡ್ಡ ಅಲ್ಲ.

ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಮುಂದಿನ ಗಾಜಿಗೇ ಐವತ್ತು ನಿಮಿಷ ಹೋಯಿತು.

ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ, ಸ್ವಲ್ಪವೇ ಲಿಕ್ವಿಡ್ ಸೋಪಿನಲ್ಲಿ ಕೈಯಿಂದ ತೊಳೆದು, ನಳದ ನೀರಲ್ಲಿ ನಾಲ್ಕು ಸಲ ಜಾಲಿಸಿದೆ. ನೆರಳಲ್ಲಿ ಒಣಗಿಸಿ ಜಿಪ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಕವರಿನ ಮೇಲೆ "ಗಾಜಿಗೆ ಮಾತ್ರ" ಅಂತ ಬರೆದಿದ್ದೇನೆ.

ಖರ್ಚು: ನೀಲಿ ಕ್ಲೀನರ್ 110, ಮೊದಲ ಬಟ್ಟೆಗಳು 270, ಎರಡನೆಯವು 190, ಡಿಸ್ಟಿಲ್ಡ್ ವಾಟರ್ 120, ಆಲ್ಕೋಹಾಲ್ 230, ಬಾಟಲಿ 70, ಅಂಟು 20, ವೆಲ್ಕ್ರೋ 30. ಒಟ್ಟು 1,040 ರೂಪಾಯಿ. ಇದರಲ್ಲಿ ಕ್ಲೀನರ್ ಮತ್ತು ಮೊದಲ ಬಟ್ಟೆಗಳ 380 ನನ್ನ ತಪ್ಪಿನ ಖರ್ಚು. ನೀವು ನೇರವಾಗಿ ಮಾಡಿದರೆ 660ರಲ್ಲಿ ಮುಗಿಯುತ್ತದೆ, ನೀರು ಮತ್ತು ಆಲ್ಕೋಹಾಲ್ ಇನ್ನೂ ಮೂರ್ನಾಲ್ಕು ಸಲಕ್ಕೆ ಉಳಿಯುತ್ತವೆ.

ಫೆಬ್ರವರಿ 22, ಶನಿವಾರ ರಾತ್ರಿ

ಅದೇ ರಸ್ತೆ. ಅಕ್ಕನ ಮನೆಗೆ ಅವ್ವನನ್ನು ಬಿಟ್ಟು ಒಬ್ಬನೇ ವಾಪಸ್ಸು ಬಂದೆ. ಬೇಕಂತಲೇ ಎಂಟರ ಮೇಲೆ ಹೊರಟೆ. ಸೇತುವೆಯ ಮೇಲೆ ಸಾಲಾಗಿ ಲಾರಿಗಳು ಎದುರಾದವು. ಕಣ್ಣಿಗೆ ಬೆಳಕು ಹೊಡೆಯಿತು, ಹೈಬೀಮ್ ಹಾಕಿದವರಿಗೆ ನಾವೇನು ಮಾಡಲು ಆಗುತ್ತದೆ? ಆದರೆ ಗಾಜು ಬೆಳ್ಳಗಾಗಲಿಲ್ಲ. ದೀಪದ ಪಕ್ಕದಲ್ಲೇ ರಸ್ತೆಯಂಚಿನ ಬಿಳಿ ಪಟ್ಟೆ ಕಾಣುತ್ತಿತ್ತು. ದೀಪವಿಲ್ಲದ ಒಂದು ಕಬ್ಬಿನ ಟ್ರೇಲರ್ ಈ ಸಲವೂ ಸಿಕ್ಕಿತು. ದೂರದಿಂದಲೇ ಅದರ ಹಿಂಬದಿಯ ಗರಿಗಳು ಕಂಡವು, ನಿಧಾನ ಮಾಡಲು ಸಾಕಷ್ಟು ಜಾಗ ಇತ್ತು.

ಒಂದು ಗೆರೆ ಉಳಿದಿದೆ. ಡ್ರೈವರ್ ಎದುರಿಗೆ, ಕಮಾನಿನ ಹಾಗೆ, ಒಂದು ಗೇಣು ಉದ್ದ. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆ. ಅದು ನಿಂತ ಗೆರೆಯೂ ಅಲ್ಲ, ಮಲಗಿದ ಗೆರೆಯೂ ಅಲ್ಲ. ಹೊರಗೆ ಉಗುರು ಎಳೆದರೆ ಸ್ವಲ್ಪ ತಡೆಯುತ್ತದೆ. ವೈಪರ್ ರಬ್ಬರ್ ಹರಿದು ಅದರ ಕಬ್ಬಿಣ ಗಾಜು ಗೀರಿದೆ. ಇದು ಒರೆಸಿದರೆ ಹೋಗುವುದಲ್ಲ. ಗೀರು ಇನ್ನೂ ಬೆಳೆಯದಂತೆ ಸೋಮವಾರ ಎರಡೂ ಬ್ಲೇಡ್ ಬದಲಿಸುತ್ತೇನೆ. ಅಲ್ಲಿಯವರೆಗೆ ವೈಪರ್ ಆಡಿಸುವುದಿಲ್ಲ.